ನೋವಿನ ಹಾಡಿಗೆ ಲಿಪಿಯಿತ್ತವನು

1958ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಚಿತ್ರಮಂದಿರಗಳಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಎಂಬ ಚಲನಚಿತ್ರವೊಂದು ತೆರೆಕಂಡಿತು. ಅದು ಒಬ್ಬ ಸಂಗೀತಗಾರನ ಜೀವನಕಥೆ. ಕಪ್ಪು ಜನಾಂಗದ ಅಂದಿನ ಶ್ರೇಷ್ಠ ಗಾಯಕರೆಷ್ಟೋ ಮಂದಿ ಅದರಲ್ಲಿ ಅಭಿನಯಿಸಿದ್ದರು. ಆದರೆ ಯಾರ ಬಾಳನ್ನು ಆ ಚಿತ್ರವು ಹೇಳಹೊರಟಿತ್ತೋ ಆತನು ಅದು ತೆರೆಗೆ ಬರುವುದಕ್ಕೆ ಕೆಲವೇ ದಿನಗಳ ಮುಂಚೆ ಕಣ್ಣುಮುಚ್ಚಿದ್ದನು. ಬದುಕಿದ್ದರೂ ಆತನು ಆ ಚಿತ್ರವನ್ನು ಕಾಣುವಂತಿರಲಿಲ್ಲ. ಹದಿನೈದು ವರ್ಷಗಳಿಂದ ಆತನ ಎರಡು ಕಣ್ಣುಗಳೂ ಸಂಪೂರ್ಣವಾಗಿ ಕುರುಡಾಗಿದ್ದವು. ಆತನೇ ವಿಲಿಯಂ ಕ್ರಿಸ್ಟಫರ್ ಹ್ಯಾಂಡಿ.

ಹ್ಯಾಂಡಿಯು 1873ನೆಯ ಇಸವಿ ನವೆಂಬರ್ 16ರಂದು ಅಲಬಾಮ ಸಂಸ್ಥಾನದ ಫ್ಲಾರೆನ್ಸ್ ಎಂಬ ಊರಿನಲ್ಲಿ ಹುಟ್ಟಿದನು. ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಸಣ್ಣ ಮನೆ ಅದು. ಅದನ್ನು ಕಟ್ಟಿದವನು ಆತನ ಅಜ್ಜ. ಗುಲಾಮಗಿರಿಯು ಆ ದೇಶದಲ್ಲಿ ಕಾನೂನಿನ ಮೂಲಕ ರದ್ದಾಗಿ ಆಗ ಎಂಟು ವರ್ಷಗಳಷ್ಟೇ ಆಗಿದ್ದವು. ಹ್ಯಾಂಡಿಯ ತಂದೆತಾಯಿಗಳಿಬ್ಬರೂ ಗುಲಾಮರಾಗಿದ್ದು ಬಿಡುಗಡೆ ಹೊಂದಿದವರು. ಅಜ್ಜನೂ ತಂದೆಯೂ ಕ್ರೈಸ್ತ ಧರ್ಮೋಪದೇಶಕರಾಗಿದ್ದರು. ಮಗನೂ ತಮ್ಮ ಹಾದಿಯಲ್ಲಿಯೇ ನಡೆದು ದೇವರ ಸೇವೆಗೆ ನಿಲ್ಲಬೇಕೆಂಬುದು ಮನೆಯವರ ಆಸೆಯಾಗಿತ್ತು.

ಆದರೆ ಬಾಲಕನ ಕಿವಿ ಬೇರೆಡೆಗೆ ತಿರುಗಿತ್ತು. ಹಕ್ಕಿಯ ಕೂಗು, ಟೆನೆಸೀ ನದಿಯ ಮೊರೆತ, ದುಡಿಯುವವರು ಸಲಿಕೆಯ ಸದ್ದಿಗೆ ಹೊಂದಿಸಿ ಹಾಡುವ ಪದಗಳು, ಇವೆಲ್ಲವೂ ಆತನಿಗೆ ಸ್ವರಗಳಾಗಿಯೇ ಕೇಳಿಸುತ್ತಿದ್ದವು. ಊರಿನ ಅಂಗಡಿಯೊಂದರಲ್ಲಿ ನೋಡಿದ ಗಿಟಾರು ಆತನ ಮನಸ್ಸನ್ನು ಸೆರೆಹಿಡಿಯಿತು. ಕಾಡಿನ ಹಣ್ಣುಗಳನ್ನೂ ಕಾಯಿಗಳನ್ನೂ ಆಯ್ದು ಮಾರಿ, ಸಾಬೂನು ತಯಾರಿಸಿ, ಯಾರಿಗೂ ಹೇಳದೆ ಕಾಸಿಗೆ ಕಾಸು ಸೇರಿಸಿ ಆತನು ಅದನ್ನು ಕೊಂಡುಕೊಂಡನು. ಮೆಚ್ಚುಗೆಯನ್ನು ನಿರೀಕ್ಷಿಸಿ ಗಿಟಾರನ್ನು ಹಿಡಿದು ಮನೆಗೆ ಬಂದ ಹುಡುಗನನ್ನು ಕಂಡು ತಂದೆ ದಿಗ್ಭ್ರಮೆಗೊಂಡನು. ಆತನ ದೃಷ್ಟಿಯಲ್ಲಿ ಗಿಟಾರು ಸೈತಾನನ ವಾದ್ಯ. ಅಂತಹ ವಸ್ತುವು ಉಪದೇಶಕನ ಮನೆಯಲ್ಲಿ ಇರಕೂಡದು. ಆ ಕೂಡಲೇ ಅದನ್ನು ಅಂಗಡಿಗೆ ಹಿಂತಿರುಗಿಸಿ, ಅದರ ಬೆಲೆಗೆ ಪ್ರಯೋಜನಕ್ಕೆ ಬರುವ ಬೇರೆ ವಸ್ತುವನ್ನು ತರಬೇಕೆಂದು ಆಜ್ಞೆಯಾಯಿತು. ಹೀಗೆ ಗಿಟಾರು ಹೋಗಿ ಅದರ ಬದಲಿಗೆ ವೆಬ್‌ಸ್ಟರನ ಬೃಹತ್ ಇಂಗ್ಲಿಷ್ ನಿಘಂಟು ಮನೆಗೆ ಬಂದಿತು. ಹುಡುಗನ ನಿರಾಸೆಯನ್ನು ನಾವು ಊಹಿಸಬಹುದು. ಆದರೂ ತಂದೆಯನ್ನು ಕಠಿಣಹೃದಯನೆನ್ನುವುದು ನ್ಯಾಯವಲ್ಲ. ಮಗನಿಗೆ ಸಂಗೀತದಲ್ಲಿ ಒಲವಿದೆಯೆಂದು ತಿಳಿದು ಆತನೇ ಆರ್ಗನ್ ವಾದ್ಯದ ಪಾಠಕ್ಕೂ ಏರ್ಪಾಡು ಮಾಡಿದನು. ಆರ್ಗನ್ ದೇವಾಲಯದ ವಾದ್ಯವಾದುದರಿಂದ ಅದಕ್ಕೆ ಅಡ್ಡಿಯಿರಲಿಲ್ಲ.

ಹ್ಯಾಂಡಿಯು ಓದಿದ ಶಾಲೆಯಲ್ಲಿ ಒಬ್ಬ ಒಳ್ಳೆಯ ಉಪಾಧ್ಯಾಯನಿದ್ದನು. ಆತನು ಮಕ್ಕಳಿಗೆ ಯಾವ ವಾದ್ಯದ ನೆರವೂ ಇಲ್ಲದೆ ಸ್ವರಗಳನ್ನು ಗುರುತಿಸಿ ಹಾಡುವುದನ್ನು ಕಲಿಸಿದನು. ಮುಂದೆ ಎಲ್ಲೋ ಕೇಳಿದ ಹಾಡನ್ನು ತಪ್ಪಿಲ್ಲದೆ ಸ್ವರಲಿಪಿಯಲ್ಲಿ ಬರೆದಿಡುವ ಶಕ್ತಿ ಹ್ಯಾಂಡಿಗೆ ಬಂದುದು ಈ ಶಿಕ್ಷಣದಿಂದಲೇ. ಆದರೆ ವೃತ್ತಿಸಂಗೀತಗಾರನಾಗುವ ವಿಷಯದಲ್ಲಿ ಆ ಗುರುವೂ ತಂದೆಯ ಪಕ್ಷವನ್ನೇ ಹಿಡಿದನು. ಹೀಗಿರುವಾಗ ಸರ್ಕಸ್ ಕಂಪನಿಯೊಂದು ಊರಿನಲ್ಲಿ ನಷ್ಟಕ್ಕೊಳಗಾಗಿ ನಿಂತುಹೋಯಿತು. ಅದರ ಬ್ಯಾಂಡಿನ ನಾಯಕನು ಕ್ಷೌರದ ಅಂಗಡಿಯೊಂದರಲ್ಲಿ ಊರಿನ ಕೆಲವರಿಗೆ ವಾದ್ಯಪಾಠ ಹೇಳತೊಡಗಿದನು. ಹ್ಯಾಂಡಿಯು ಶಾಲೆಯಿಂದ ಬರುವಾಗ ಆ ಅಂಗಡಿಯ ಕಿಟಕಿಯ ಬಳಿ ನಿಂತು, ಕಪ್ಪುಹಲಗೆಯ ಮೇಲೆ ಬರೆದ ಬೆರಳುಗಳ ಕ್ರಮವನ್ನು ಕಣ್ಣಿನಲ್ಲಿಯೇ ಕದ್ದು ತರುತ್ತಿದ್ದನು. ಮರುದಿನ ತರಗತಿಯಲ್ಲಿ ಮೇಜಿನ ಮರದ ಮೇಲೆಯೇ ಬೆರಳಾಡಿಸಿ ಅಭ್ಯಾಸ ಮಾಡುತ್ತಿದ್ದನು. ಬಳಿಕ ಕಾರ್ನೆಟ್ ಎಂಬ ಹಿತ್ತಾಳೆಯ ಊದುವಾದ್ಯವೊಂದನ್ನು, ಹಳೆಯದನ್ನೇ, ಅಲ್ಪ ಬೆಲೆಗೆ ಕೊಂಡು ಗುಟ್ಟಾಗಿ ಇಟ್ಟುಕೊಂಡನು.

1892ರಲ್ಲಿ ಹ್ಯಾಂಡಿಯು ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೋಗಿ ಉಪಾಧ್ಯಾಯರ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾದನು. ಆದರೆ ಉಪಾಧ್ಯಾಯನ ಸಂಬಳ ಎಷ್ಟೆಂದು ಕೇಳಿದಾಗ ಆತನ ಉತ್ಸಾಹ ಇಳಿದುಹೋಯಿತು. ಈ ವೃತ್ತಿಯ ವಿಷಯದಲ್ಲಿ ಎಲ್ಲ ದೇಶಗಳ ಕಥೆಯೂ ಹೆಚ್ಚುಕಡಿಮೆ ಒಂದೇ. ಪಾಠ ಹೇಳುವುದನ್ನು ಬಿಟ್ಟು ಆತನು ಬೆಸ್ಸೆಮರ್ ಎಂಬಲ್ಲಿ ಕಬ್ಬಿಣದ ಕೊಳವೆಗಳನ್ನು ಎರಕಹೊಯ್ಯುವ ಕಾರ್ಖಾನೆಯಲ್ಲಿ ಕೂಲಿಯಾದನು. ಬಿಡುವಿನಲ್ಲಿ ಗೆಳೆಯರನ್ನು ಕೂಡಿಸಿ ಹಾಡುಗಾರರ ತಂಡವೊಂದನ್ನು ಕಟ್ಟಿದನು. ಷಿಕಾಗೋದಲ್ಲಿ ವಿಶ್ವಮೇಳ ನಡೆಯಲಿದೆಯೆಂದು ಕೇಳಿ, ಅಲ್ಲಿ ಹಾಡಿ ಹೆಸರು ಮಾಡಬಹುದೆಂದು ನಂಬಿ, ಅವರೆಲ್ಲರೂ ಕೈಯಲ್ಲಿ ಕಾಸಿಲ್ಲದೆ ಹೊರಟರು. ದಾರಿಯುದ್ದಕ್ಕೂ ಹಾಡಿ ಹೊಟ್ಟೆ ಹೊರೆದುಕೊಂಡು ಷಿಕಾಗೋ ಸೇರಿದರೆ, ಮೇಳವು ಮರುವರ್ಷಕ್ಕೆ ಮುಂದೆ ಹೋಗಿತ್ತು!

ಅಲ್ಲಿಂದ ಅವರು ಸೇಂಟ್ ಲೂಯಿಸ್ ನಗರಕ್ಕೆ ಬಂದರು. ಅಲ್ಲಿ ಕೆಲಸವಿರಲಿಲ್ಲ. ತಂಡವು ಒಡೆದುಹೋಯಿತು. ಚರ್ಚಿನ ಉಪದೇಶಕನ ಮಗ, ಉಪಾಧ್ಯಾಯರ ಪರೀಕ್ಷೆ ಮುಗಿಸಿದವನು, ಮಿಸಿಸಿಪಿ ನದಿಯ ದಂಡೆಯ ಕಲ್ಲುಹಾಸಿನ ಮೇಲೆ ರಾತ್ರಿಗಳನ್ನು ಕಳೆದನು. ಹಸಿವನ್ನೂ ಚಳಿಯನ್ನೂ ಮೈಯ ಹೇನನ್ನೂ ಬಲ್ಲವನಾದನು. ಒಂದು ದಿನ ಬೀದಿಯಲ್ಲಿ, ಗಂಡನು ತೊರೆದುಹೋದ ದುಃಖದಲ್ಲಿ ತೂರಾಡುತ್ತ ತನ್ನಷ್ಟಕ್ಕೆ ತಾನೇ ಗೋಳಿಡುತ್ತಿದ್ದ ಒಬ್ಬ ಹೆಂಗಸನ್ನು ಕಂಡನು. ಅವಳ ಮಾತು ಆತನ ನೆನಪಿನಲ್ಲಿ ಉಳಿದುಬಿಟ್ಟಿತು. ಅದು ಹೊರಗೆ ಬರುವುದಕ್ಕೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಕಷ್ಟದ ದಿನಗಳು ಕಳೆದು, ಕೆಂಟಕಿ ಸಂಸ್ಥಾನದ ಹೆಂಡರ್ಸನ್ ಎಂಬ ಊರಿನಲ್ಲಿ ಹ್ಯಾಂಡಿಗೆ ಬ್ಯಾಂಡಿನಲ್ಲಿ ಕೆಲಸ ದೊರೆಯಿತು. ಅಲ್ಲಿಯೇ ಪರಿಚಯವಾದ ಎಲಿಜಬೆತ್ ಪ್ರೈಸ್ ಎಂಬುವಳನ್ನು 1896ರಲ್ಲಿ ಮದುವೆಯಾದನು. ಅದೇ ವರ್ಷ ಮಹಾರ ಮಿನ್‌ಸ್ಟ್ರೆಲ್ಸ್ ಎಂಬ ಸಂಚಾರಿ ಮೇಳವನ್ನು ಸೇರಿದನು. ಹಾಡು, ಕುಣಿತ, ಹಾಸ್ಯಗಳಿಂದ ಕೂಡಿದ ಇಂತಹ ಮೇಳಗಳು ಆಗ ಅಮೆರಿಕದಲ್ಲಿ ಬಹು ಜನಪ್ರಿಯವಾಗಿದ್ದವು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವುದರಿಂದ ಹುಟ್ಟಿದ ಆಟ ಅದು. ಆದರೂ ಕಪ್ಪು ಕಲಾವಿದರಿಗೆ ಅನ್ನ ದೊರೆಯುವ ದಾರಿಗಳು ಕೆಲವೇ ಆಗಿದ್ದ ಕಾಲದಲ್ಲಿ ಅವರೂ ಇಂತಹ ಮೇಳಗಳನ್ನು ಕಟ್ಟಿಕೊಂಡರು. ವಾರಕ್ಕೆ ಆರು ಡಾಲರುಗಳ ಸಂಬಳದಿಂದ ಆರಂಭಿಸಿದ ಹ್ಯಾಂಡಿಯು ಬೇಗನೆ ಬ್ಯಾಂಡಿನ ನಾಯಕನಾದನು. ಮೇಳವು ದೇಶವನ್ನೆಲ್ಲ ಸುತ್ತಿ 1900ರಲ್ಲಿ ಕ್ಯೂಬಾ ದ್ವೀಪಕ್ಕೂ ಹೋಯಿತು. ದಕ್ಷಿಣದ ಊರುಗಳಲ್ಲಿ ಅವರ ರೈಲುಗಾಡಿಯ ಮೇಲೆ ಗುಂಡು ಹಾರಿದುದೂ ಉಂಟು. ಒಮ್ಮೆ ಮೇಳದ ಆಟವನ್ನು ನೋಡಲು ಮುದಿ ತಂದೆಯೇ ಬಂದನು. ಉಪದೇಶಕನಾದ ಮೇಲೆ ಆತನು ನೋಡಿದ ಮೊದಲನೆಯ ಆಟ ಅದು. ಆಟ ಮುಗಿದ ಮೇಲೆ ಮಗನ ಬಳಿಗೆ ಹೋಗಿ, ತನಗೆ ಸಂತೋಷವಾಯಿತೆಂದೂ, ಸಂಗೀತಗಾರನಾದುದಕ್ಕಾಗಿ ಆತನನ್ನು ಕ್ಷಮಿಸಿರುವೆನೆಂದೂ ತಿಳಿಸಿದನು.

ಇದರ ನಡುವೆ 1900ರಿಂದ ಎರಡು ವರ್ಷಗಳ ಕಾಲ ಹ್ಯಾಂಡಿಯು ಅಲಬಾಮದಲ್ಲಿ ಕಪ್ಪು ಜನರ ಕಾಲೇಜೊಂದರಲ್ಲಿ ಸಂಗೀತದ ಅಧ್ಯಾಪಕನಾಗಿದ್ದನು. ಯೂರೋಪಿನ ಸಂಗೀತವೇ ಸಂಗೀತ, ತಮ್ಮ ಜನರ ಹಾಡು ಕೀಳು ಎಂಬ ಭಾವನೆ ಅಲ್ಲಿ ಬಲವಾಗಿತ್ತು. ಹ್ಯಾಂಡಿಯು ಒಂದು ಉಪಾಯ ಹೂಡಿದನು. ಜನರ ನಡುವೆ ಪ್ರಚಲಿತವಿದ್ದ ಒಂದು ರ‍್ಯಾಗ್‌ಟೈಮ್ ಕುಣಿತದ ಮಟ್ಟಿಗೆ ಹೈಟಿಯ ವಿಮೋಚಕನಾದ ತೂಸೇಂ ಲೂವರ್ತ್ಯೂರನ ಹೆಸರಿನ ಗಂಭೀರವಾದ ಶೀರ್ಷಿಕೆಯನ್ನು ಕೊಟ್ಟು ಕಾಲೇಜಿನ ಕಚೇರಿಯಲ್ಲಿ ನುಡಿಸಿಬಿಟ್ಟನು. ಸಭೆಯು ಆನಂದದಿಂದ ತಲೆದೂಗಿತು. ಕಾಲೇಜಿನ ಮುಖ್ಯಸ್ಥನೂ ಮೆಚ್ಚಿದನು. ಹೆಸರು ಬದಲಾದರೆ ಮರ್ಯಾದೆಯೂ ಬದಲಾಗುವುದೆಂಬುದನ್ನು ಹ್ಯಾಂಡಿಯು ಕಂಡುಕೊಂಡನು. ಆದರೆ ಅಂತಹ ಕಡೆ ಬಹುಕಾಲ ನಿಲ್ಲುವುದು ಆತನಿಂದಾಗಲಿಲ್ಲ.

1903ರಲ್ಲಿ ಹ್ಯಾಂಡಿಯು ಮಿಸಿಸಿಪಿ ಸಂಸ್ಥಾನದ ಕ್ಲಾರ್ಕ್ಸ್‌ಡೇಲ್ ಎಂಬ ಊರಿಗೆ ಬ್ಯಾಂಡಿನ ನಾಯಕನಾಗಿ ಬಂದನು. ಅದು ಹತ್ತಿಯ ಸೀಮೆ. ಗುಲಾಮಗಿರಿ ಹೋಗಿದ್ದರೂ ಹೊಲಗಳಲ್ಲಿ ದುಡಿಯುವ ಕಪ್ಪು ಜನರ ಬಡತನವೂ ಸಾಲವೂ ಹೋಗಿರಲಿಲ್ಲ. ಆ ದಿನಗಳಲ್ಲಿ ಒಂದು ರಾತ್ರಿ ಆತನು ಟಟ್‌ವೈಲರ್ ಎಂಬ ಸಣ್ಣ ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತಿದ್ದನು. ರೈಲು ಒಂಬತ್ತು ಗಂಟೆಗಳಷ್ಟು ತಡವಾಗಿತ್ತು. ಹ್ಯಾಂಡಿಗೆ ಜೊಂಪು ಹತ್ತಿತು. ಎಚ್ಚರವಾದಾಗ ಪಕ್ಕದಲ್ಲಿ ಕೃಶನಾದ ಒಬ್ಬ ಕಪ್ಪು ಮನುಷ್ಯನು ಕುಳಿತು ಗಿಟಾರು ನುಡಿಸುತ್ತಿದ್ದನು. ಅವನ ಬಟ್ಟೆ ಚಿಂದಿಯಾಗಿತ್ತು, ಕಾಲ್ಬೆರಳುಗಳು ಹರಿದ ಜೋಡಿನಿಂದ ಇಣುಕುತ್ತಿದ್ದವು. ಅವನು ತಂತಿಗಳನ್ನು ಬೆರಳಿನಿಂದ ಒತ್ತುತ್ತಿರಲಿಲ್ಲ. ಒಂದು ಚಾಕುವನ್ನು ಅವುಗಳ ಮೇಲೆ ಜಾರಿಸುತ್ತಿದ್ದನು. ಗಿಟಾರು ಮನುಷ್ಯನಂತೆಯೇ ನರಳುತ್ತಿತ್ತು. ಎರಡು ರೈಲುದಾರಿಗಳು ಒಂದನ್ನೊಂದು ಅಡ್ಡಹಾಯುವ ಊರೊಂದನ್ನು ಕುರಿತ ಒಂದೇ ಸಾಲನ್ನು ಅವನು ಮೂರು ಬಾರಿ ಹಾಡಿದನು. ಹ್ಯಾಂಡಿಯು ತನ್ನ ಬಾಳಿನಲ್ಲಿ ಅಷ್ಟು ವಿಚಿತ್ರವಾದ ಸಂಗೀತವನ್ನು ಕೇಳಿರಲಿಲ್ಲ. ಆದರೆ ಹೆಸರನ್ನು ಕೇಳಿಡಬೇಕೆಂದು ಆ ಕ್ಷಣದಲ್ಲಿ ಆತನಿಗೆ ಹೊಳೆಯಲಿಲ್ಲವೋ ಏನೋ. ಆ ಹಾಡುಗಾರನು ಯಾರೆಂಬುದು ಲೋಕಕ್ಕೆ ತಿಳಿಯದೆಯೇ ಹೋಯಿತು.

ಅದೇ ಸೀಮೆಯ ಕ್ಲೀವ್‌ಲೆಂಡ್ ಎಂಬ ಊರಿನಲ್ಲಿ ಮತ್ತೊಂದು ಪಾಠ ಕಾದಿತ್ತು. ಅಲ್ಲಿ ಒಂದು ನೃತ್ಯಕೂಟದಲ್ಲಿ ಹ್ಯಾಂಡಿಯ ತಂಡದವರು ಸಮವಸ್ತ್ರ ಧರಿಸಿ, ಸ್ವರಲಿಪಿಯ ಹಾಳೆಗಳನ್ನು ಮುಂದಿಟ್ಟುಕೊಂಡು ಶಾಸ್ತ್ರೋಕ್ತವಾಗಿ ನುಡಿಸುತ್ತಿದ್ದರು. ಯಾರೋ ಒಬ್ಬರು ಸ್ಥಳೀಯ ಸಂಗೀತವನ್ನು ನುಡಿಸಬಾರದೇಕೆಂದು ಚೀಟಿ ಕಳುಹಿಸಿದರು. ಅದು ಇವರಿಂದ ಆಗಲಿಲ್ಲ. ಹಾಗಾದರೆ ತಮ್ಮ ಊರಿನ ಹುಡುಗರಿಗೆ ಸ್ವಲ್ಪ ಹೊತ್ತು ಅವಕಾಶ ಕೊಡಬಹುದೇ ಎಂದು ಕೇಳಿದರು. ಮೂವರು ಬಂದರು. ಅವರಲ್ಲಿದ್ದುದು ಒಂದು ಗಿಟಾರು, ಒಂದು ಮ್ಯಾಂಡೊಲಿನ್, ಒಂದು ಜಜ್ಜಿಹೋದ ದೊಡ್ಡ ಪಿಟೀಲು, ಇಷ್ಟೇ. ಅವರು ಎತ್ತಿಕೊಂಡ ಮಟ್ಟಿಗೆ ಆದಿಯೂ ಇರಲಿಲ್ಲ, ಅಂತ್ಯವೂ ಇರಲಿಲ್ಲ. ಕಬ್ಬಿನ ಗದ್ದೆಯ ಸಾಲುಗಳಂತೆ ಅದು ಸಾಗುತ್ತಲೇ ಹೋಯಿತು. ಹ್ಯಾಂಡಿಯು ಒಳಗೊಳಗೇ ನಗುತ್ತಿರುವಂತೆಯೇ ನೆಲದ ಮೇಲೆ ಬೆಳ್ಳಿಯ ನಾಣ್ಯಗಳ ಮಳೆ ಸುರಿಯಿತು. ಆತನ ಇಡೀ ತಂಡಕ್ಕೆ ಆ ರಾತ್ರಿಗೆ ದೊರೆಯುವ ಹಣಕ್ಕಿಂತ ಹೆಚ್ಚು ಹಣ ಆ ಮೂವರ ಕಾಲಬುಡದಲ್ಲಿ ಬಿದ್ದಿತ್ತು. ಹ್ಯಾಂಡಿಯ ಗರ್ವ ಅಲ್ಲಿ ಮುರಿಯಿತು. ಮನೆಗೆ ಹಿಂದಿರುಗಿದವನೇ ಅಂತಹ ಮಟ್ಟುಗಳನ್ನು ಬರೆಯಲು ಕುಳಿತನು.

ಈ ಹಾಡುಗಳನ್ನು ಬ್ಲೂಸ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ನೀಲಿಯ ಬಣ್ಣವನ್ನು ಹೇಳುವ ಶಬ್ದಕ್ಕೇ ಮನಸ್ಸಿನ ಖಿನ್ನತೆ ಎಂಬ ಅರ್ಥವೂ ಉಂಟು. ಒಂದು ಪದ್ಯಕ್ಕೆ ಮೂರು ಸಾಲು. ಮೊದಲನೆಯ ಸಾಲನ್ನೇ ಎರಡನೆಯದಾಗಿ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು ವಾಡಿಕೆ. ಇಡೀ ಪದ್ಯವು ಸಾಮಾನ್ಯವಾಗಿ ಹನ್ನೆರಡು ತಾಳಖಂಡಗಳಲ್ಲಿ ಮುಗಿಯುತ್ತದೆ. ಹಾಡುವವನು ಗಾಂಧಾರವನ್ನೂ ನಿಷಾದವನ್ನೂ ಅವುಗಳ ನೆಲೆಯಲ್ಲಿ ನಿಲ್ಲಿಸದೆ ಸ್ವಲ್ಪ ಕೆಳಕ್ಕೆ ಬಾಗಿಸುತ್ತಾನೆ. ಪಿಯಾನೋದ ಎರಡು ಮನೆಗಳ ನಡುವೆ ಎಲ್ಲೋ ಇರುವ ಸ್ವರ ಅದು. ಗಮಕದ ಸೂಕ್ಷ್ಮವನ್ನು ಬಲ್ಲವರಿಗೆ ಇದರ ಸೊಗಸು ಬೇಗ ತಿಳಿದೀತು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಇದನ್ನು ಹಿಡಿಯುವುದು ಹೇಗೆಂಬುದೇ ಹ್ಯಾಂಡಿಯ ಮುಂದಿದ್ದ ಸಮಸ್ಯೆ. ಗಾಂಧಾರವನ್ನು ಒಮ್ಮೆ ಕೋಮಲವಾಗಿಯೂ ಒಮ್ಮೆ ಶುದ್ಧವಾಗಿಯೂ ಪಕ್ಕಪಕ್ಕದಲ್ಲಿ ಬರೆದು ಆತನು ಆ ಬಾಗನ್ನು ಸೂಚಿಸಿದನು.

ಮುಂದೆ ಹ್ಯಾಂಡಿಯು ಮೆಂಫಿಸ್ ನಗರಕ್ಕೆ ಬಂದು ಬೀಲ್ ಸ್ಟ್ರೀಟ್ ಎಂಬ ಬೀದಿಯಲ್ಲಿ ನೆಲೆನಿಂತನು. ಕಪ್ಪು ಜನರ ಅಂಗಡಿಗಳು, ನಾಟಕಶಾಲೆಗಳು, ಹೆಂಡದಂಗಡಿಗಳಿಂದ ಗಿಜಿಗುಡುವ ಬೀದಿ ಅದು. 1909ರಲ್ಲಿ ಅಲ್ಲಿ ಮೇಯರನ ಚುನಾವಣೆ ಬಂದಿತು. ಎಡ್ವರ್ಡ್ ಕ್ರಂಪ್ ಎಂಬ ಅಭ್ಯರ್ಥಿಯ ಪ್ರಚಾರಕ್ಕಾಗಿ ಹ್ಯಾಂಡಿಯು ಒಂದು ಮಟ್ಟನ್ನು ರಚಿಸಿದನು. ಕ್ರಂಪನು ಗೆದ್ದನು, ಮಟ್ಟು ಅವನಿಗಿಂತಲೂ ಹೆಚ್ಚಿನ ಜಯವನ್ನು ಪಡೆಯಿತು. 1912ರಲ್ಲಿ ಅದನ್ನು ‘ಮೆಂಫಿಸ್ ಬ್ಲೂಸ್’ ಎಂಬ ಹೆಸರಿನಿಂದ ಹ್ಯಾಂಡಿಯು ತನ್ನ ಖರ್ಚಿನಿಂದಲೇ ಅಚ್ಚುಹಾಕಿಸಿದನು. ಪ್ರತಿಗಳು ಮಾರಾಟವಾಗುತ್ತಿಲ್ಲವೆಂದು ಆತನನ್ನು ನಂಬಿಸಿದರು. ಕೈಸೋತ ಆತನು ಹಾಡಿನ ಹಕ್ಕನ್ನೆಲ್ಲ ಐವತ್ತು ಡಾಲರುಗಳಿಗೆ ಮಾರಿಬಿಟ್ಟನು. ಅದು ದೇಶದ ಮೂಲೆಮೂಲೆಗೂ ಹರಡಿ ಕೊಂಡವರನ್ನು ಶ್ರೀಮಂತರನ್ನಾಗಿ ಮಾಡಿತು; ರಚಿಸಿದವನಿಗೆ ಮತ್ತೊಂದು ಕಾಸೂ ಬರಲಿಲ್ಲ. ಇಪ್ಪತ್ತೆಂಟು ವರ್ಷಗಳ ಅವಧಿ ಮುಗಿದು 1940ರಲ್ಲಿ ಆ ಹಕ್ಕು ಹ್ಯಾಂಡಿಯ ಕೈಗೆ ಮರಳಿತು.

ಮೋಸಹೋದವನು ಅಳುತ್ತ ಕೂಡಲಿಲ್ಲ. ಬ್ಯಾಂಕಿನ ವ್ಯವಹಾರವನ್ನು ಬಲ್ಲ ಹ್ಯಾರಿ ಪೇಸ್ ಎಂಬ ಗೆಳೆಯನೊಡನೆ ಕೂಡಿ ತನ್ನದೇ ಪ್ರಕಾಶನ ಸಂಸ್ಥೆಯನ್ನು ಆರಂಭಿಸಿದನು. ಕಪ್ಪು ಜನರ ಸಂಗೀತವನ್ನು ಕಪ್ಪು ಜನರೇ ಅಚ್ಚುಮಾಡಿ ಮಾರುವುದು ಅಂದು ಸಣ್ಣ ಸಾಹಸವಾಗಿರಲಿಲ್ಲ. 1914ರಲ್ಲಿ ಒಂದು ರಾತ್ರಿ, ಮಕ್ಕಳ ಗದ್ದಲವಿಲ್ಲದಿರಲೆಂದು ಬೀಲ್ ಸ್ಟ್ರೀಟಿನಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಹ್ಯಾಂಡಿಯು ಬರೆಯಲು ಕುಳಿತನು. ನದಿಯ ದಂಡೆಯ ಕಲ್ಲುಹಾಸು ಕಣ್ಣಮುಂದೆ ಬಂದಿತು. ಗಂಡನನ್ನು ಕಳೆದುಕೊಂಡ ಆ ಹೆಂಗಸಿನ ಗೋಳು ಕಿವಿಯಲ್ಲಿ ಮೊಳಗಿತು. ಕ್ಯೂಬಾದಲ್ಲಿ ಕೇಳಿದ ಹಬನೇರ ಕುಣಿತದ ಲಯವನ್ನು ನಡುವೆ ಹೆಣೆದನು. ತಂದೆಯ ಚರ್ಚಿನ ಪ್ರಾರ್ಥನೆಯ ಧಾಟಿಯೂ ಬೆರೆಯಿತು. ಹೀಗೆ ‘ಸೇಂಟ್ ಲೂಯಿಸ್ ಬ್ಲೂಸ್’ ಹುಟ್ಟಿತು. ದೊಡ್ಡ ಪ್ರಕಾಶಕರಾರೂ ಅದನ್ನು ಬೇಕೆನ್ನಲಿಲ್ಲ. ತನ್ನ ಸಂಸ್ಥೆಯಿಂದಲೇ ಹ್ಯಾಂಡಿಯು ಅದನ್ನು ಹೊರತಂದನು. ಕೆಲವು ವರ್ಷಗಳಲ್ಲಿ ಲೋಕದಲ್ಲಿ ಅತಿ ಹೆಚ್ಚು ಬಾರಿ ಧ್ವನಿಮುದ್ರಣಗೊಂಡ ಹಾಡುಗಳಲ್ಲಿ ಅದೂ ಒಂದಾಯಿತು. 1925ರಲ್ಲಿ ಬೆಸ್ಸಿ ಸ್ಮಿತ್ ಅದನ್ನು ಹಾಡಿದಾಗ ಲೂಯಿ ಆರ್ಮ್‌ಸ್ಟ್ರಾಂಗ್ ಕಾರ್ನೆಟ್ ನುಡಿಸಿದನು. 1929ರಲ್ಲಿ ಅದೇ ಹೆಸರಿನ ಕಿರುಚಿತ್ರದಲ್ಲಿಯೂ ಅವಳು ಕಾಣಿಸಿಕೊಂಡಳು. ಆ ಮಹಾಗಾಯಕಿಯನ್ನು ನಾವು ಚಲಿಸುವ ಚಿತ್ರದಲ್ಲಿ ನೋಡಬಹುದಾದುದು ಅದೊಂದರಲ್ಲಿಯೇ.

ಅಷ್ಟರಲ್ಲಿ ಹ್ಯಾಂಡಿಯ ಸಂಸ್ಥೆಯು ನ್ಯೂಯಾರ್ಕಿಗೆ ಸ್ಥಳಾಂತರಗೊಂಡಿತ್ತು. ಹೊಸ ನಗರವು ಯಶಸ್ಸನ್ನೂ ಸಂಕಟವನ್ನೂ ಒಟ್ಟಿಗೆ ಕೊಟ್ಟಿತು. 1921ರಲ್ಲಿ ಪೇಸನು ಧ್ವನಿಮುದ್ರಿಕೆಗಳ ಬೇರೆ ಕಂಪನಿಯನ್ನು ಕಟ್ಟಲು ಹೊರಟುಹೋದನು. ಹ್ಯಾಂಡಿಯ ತಲೆಯ ಮೇಲೆ ಸಾಲ ಬೆಳೆಯಿತು. ಅದೇ ಸಮಯದಲ್ಲಿ ಕಣ್ಣುಗಳು ಮಂಜಾಗಿ ಕೆಲಕಾಲ ದೃಷ್ಟಿಯೇ ಹೋಯಿತು; ಬಳಿಕ ಸ್ವಲ್ಪಮಟ್ಟಿಗೆ ಮರಳಿತು. ಆತನು ಸಾಲವನ್ನು ತೀರಿಸಿದನು, ಸಂಸ್ಥೆಯನ್ನು ಮುಚ್ಚಲಿಲ್ಲ. 1926ರಲ್ಲಿ ಬ್ಲೂಸ್ ಹಾಡುಗಳ ದೊಡ್ಡ ಸಂಕಲನವನ್ನು ಹೊರತಂದನು. 1928ರಲ್ಲಿ ನ್ಯೂಯಾರ್ಕಿನ ಹೆಸರಾಂತ ಕಾರ್ನೆಗಿ ಸಭಾಂಗಣದಲ್ಲಿ ತನ್ನ ಜನಾಂಗದ ಸಂಗೀತದ ಕಚೇರಿಯನ್ನು ನಡೆಸಿದನು. 1941ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದನು.

ಆ ಆತ್ಮಕಥೆಯ ಹೆಸರು ‘ಬ್ಲೂಸಿನ ತಂದೆ’ ಎಂದು. ಈ ಬಿರುದಿನ ವಿಷಯದಲ್ಲಿ ವಿವಾದವುಂಟು. 1938ರಲ್ಲಿ ಜೆಲ್ಲಿ ರೋಲ್ ಮಾರ್ಟನ್ ಎಂಬ ಸಂಗೀತಗಾರನು ಪತ್ರಿಕೆಯೊಂದಕ್ಕೆ ಕಟುವಾದ ಕಾಗದ ಬರೆದು ಹ್ಯಾಂಡಿಯ ಹಿರಿಮೆಯನ್ನೇ ಅಲ್ಲಗಳೆದನು. ಮಾರ್ಟನನ ಮಾತಿನಲ್ಲಿ ಅಸೂಯೆ ಇದ್ದಿತಾದರೂ ಅದು ಪೂರ್ತಿ ಸುಳ್ಳಲ್ಲ. ಬ್ಲೂಸ್ ಹುಟ್ಟಿದುದು ಹತ್ತಿಯ ಹೊಲಗಳಲ್ಲಿ, ರೈಲುದಾರಿಯ ಬದಿಯಲ್ಲಿ, ಸೆರೆಮನೆಗಳಲ್ಲಿ. ಅದಕ್ಕೆ ಯಾವನೊಬ್ಬನೂ ತಂದೆಯಲ್ಲ. 1912ರಲ್ಲಿಯೇ ಬೇರೆಯವರ ಬ್ಲೂಸ್ ರಚನೆಗಳೂ ಅಚ್ಚಾಗಿದ್ದವು. ತಾನು ಅದನ್ನು ಸೃಷ್ಟಿಸಿದೆನೆಂದು ಹ್ಯಾಂಡಿಯೂ ಹೇಳಿಕೊಳ್ಳಲಿಲ್ಲ. ಎಲ್ಲಿ ಯಾರಿಂದ ಕೇಳಿದೆನೆಂಬುದನ್ನು ಮರೆಮಾಚದೆ ಬರೆದನು. ತಕ್ಕ ಹೆಸರು ಬೇಕಾದರೆ ಲಿಪಿಕಾರನೆನ್ನಬಹುದು. ಆದರೆ ಬರೆದಿಟ್ಟವನಿಲ್ಲದಿದ್ದರೆ ಹಾಡಿದವರ ದನಿ ಅಷ್ಟು ದೂರ ಹೋಗುತ್ತಿತ್ತೇ ಎಂಬುದನ್ನೂ ಯೋಚಿಸಬೇಕು.

1943ರಲ್ಲಿ ನ್ಯೂಯಾರ್ಕಿನ ನೆಲದಡಿಯ ರೈಲುನಿಲ್ದಾಣದಲ್ಲಿ ಹ್ಯಾಂಡಿಯು ಕಟ್ಟೆಯಿಂದ ಕೆಳಗೆ ಬಿದ್ದನು. ಜೀವ ಉಳಿಯಿತು, ಕಣ್ಣುಗಳು ಶಾಶ್ವತವಾಗಿ ಹೋದವು. ಆಮೇಲೆಯೂ ಆತನು ವಾದ್ಯವನ್ನು ಬಿಡಲಿಲ್ಲ. ಮೊದಲನೆಯ ಹೆಂಡತಿ 1937ರಲ್ಲಿಯೇ ತೀರಿಕೊಂಡಿದ್ದಳು. ಬಹುಕಾಲ ತನ್ನ ಕಾರ್ಯದರ್ಶಿಯಾಗಿದ್ದ ಇರ್ಮಾ ಲೋಗನ್ ಎಂಬುವಳನ್ನು 1954ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ಮದುವೆಯಾದನು. ಮರುವರ್ಷ ಪಾರ್ಶ್ವವಾಯು ಹೊಡೆದು ಗಾಲಿಕುರ್ಚಿಯೇ ಗತಿಯಾಯಿತು.

ಚಲನಚಿತ್ರದ ಸಿದ್ಧತೆ ನಡೆದುದು ಆಗ. ಪ್ಯಾರಾಮೌಂಟ್ ಕಂಪನಿಯು ಅದನ್ನು ತೆಗೆಯಿತು; ಆಲೆನ್ ರೈಸ್ನರ್ ನಿರ್ದೇಶಿಸಿದನು. ಹ್ಯಾಂಡಿಯ ಪಾತ್ರವನ್ನು ವಹಿಸಿದವನು ನ್ಯಾಟ್ ಕಿಂಗ್ ಕೋಲ್. ಆತನೂ ಅಲಬಾಮದಲ್ಲಿ ಹುಟ್ಟಿದವನು, ಆತನ ತಂದೆಯೂ ಧರ್ಮೋಪದೇಶಕನೇ. ಎರಡು ವರ್ಷಗಳ ಹಿಂದೆ, 1956ರಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ರಂಗದ ಮೇಲೆ ಹಾಡುತ್ತಿದ್ದಾಗಲೇ ಬಿಳಿಯರ ಗುಂಪೊಂದು ನುಗ್ಗಿ ಆತನನ್ನು ಕೆಡವಿತ್ತು. ಹ್ಯಾಂಡಿಯು ಉಪಾಧ್ಯಾಯರ ಪರೀಕ್ಷೆಗೆ ಹೋದ ನಗರವೂ ಅದೇ. ಅರವತ್ತು ವರ್ಷಗಳಲ್ಲಿ ಏನು ಬದಲಾಗಿತ್ತು, ಏನು ಬದಲಾಗಿರಲಿಲ್ಲ ಎಂಬುದನ್ನು ಕೋಲ್ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಅರ್ಥಾ ಕಿಟ್, ಪರ್ಲ್ ಬೇಲಿ, ಮಹಾಲಿಯ ಜಾಕ್ಸನ್, ಎಲ್ಲಾ ಫಿಟ್ಜೆರಾಲ್ಡ್, ಕ್ಯಾಬ್ ಕ್ಯಾಲೊವೆ ಮೊದಲಾದವರೂ ಚಿತ್ರದಲ್ಲಿದ್ದರು.

ಚಿತ್ರದ ಕಥೆ ಮಾತ್ರ ಬಹಳ ಸರಳವಾದುದು. ತಂದೆಗೂ ಮಗನಿಗೂ ನಡುವಣ ಕಲಹವೇ ಅದರ ತಿರುಳು. ಮಗನ ಕುರುಡನ್ನು ಅದು ಮನಸ್ಸಿನ ಅಪರಾಧಭಾವದೊಡನೆ ತಳಕುಹಾಕುತ್ತದೆ. ಕೊನೆಗೆ ನ್ಯೂಯಾರ್ಕಿನ ದೊಡ್ಡ ವಾದ್ಯಮೇಳವು ಆತನ ಹಾಡನ್ನು ನುಡಿಸಿದಾಗ ತಂದೆಯ ಮನಸ್ಸು ಕರಗುತ್ತದೆ. ನಿಜವಾದ ತಂದೆ ಕರಗಿದುದು ಅದಕ್ಕಿಂತ ಎಷ್ಟೋ ಮೊದಲು, ಗೌರವಸ್ಥರು ಕಾಲಿಡದ ಸಂಚಾರಿ ಮೇಳವೊಂದರ ಆಟವನ್ನು ನೋಡಿ. ಇದು ಚಿತ್ರದ ಕೊನೆಗಿಂತ ಸುಂದರವಾಗಿದೆ. ಐವತ್ತು ಡಾಲರುಗಳ ಮೋಸವಾಗಲಿ, ಕಲ್ಲುಹಾಸಿನ ಮೇಲಿನ ರಾತ್ರಿಗಳಾಗಲಿ, ಗುಂಡು ಹಾರಿದ ರೈಲುಗಾಡಿಯಾಗಲಿ ತಿರುಳಾಗಬಹುದಾಗಿದ್ದ ಬಾಳನ್ನು ಅದು ಮನೆಯೊಳಗಿನ ಜಗಳವನ್ನಾಗಿ ಮಾಡಿತು. ವಿಮರ್ಶಕರೂ ಚಿತ್ರವನ್ನು ಅಷ್ಟಾಗಿ ಮೆಚ್ಚಲಿಲ್ಲ. ಆದರೂ ಅಂದಿನ ಮಹಾಗಾಯಕರು ಹಾಡುವುದನ್ನು ಒಂದೆಡೆ ಕಾಣಬೇಕೆಂಬವರಿಗೆ ಅದು ಇಂದಿಗೂ ಬೆಲೆಯುಳ್ಳದ್ದು.

1957ರ ನವೆಂಬರಿನಲ್ಲಿ ಹ್ಯಾಂಡಿಯ ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ನ್ಯೂಯಾರ್ಕಿನ ಭವ್ಯವಾದ ಹೋಟೆಲೊಂದರಲ್ಲಿ ಎಂಟುನೂರಕ್ಕೂ ಹೆಚ್ಚು ಮಂದಿ ಸೇರಿದ್ದರು. 1958ರ ಮಾರ್ಚ್ 28ರಂದು ಆತನು ತೀರಿಕೊಂಡನು. ಹಾರ್ಲೆಮಿನ ಚರ್ಚಿನಲ್ಲಿ ನಡೆದ ಅಂತ್ಯಕ್ರಿಯೆಯ ದಿನ ಒಂದು ಲಕ್ಷಕ್ಕೂ ಹೆಚ್ಚು ಜನ ಬೀದಿಗಳಲ್ಲಿ ನಿಂತರು. 1960ರಲ್ಲಿ ಬೀಲ್ ಸ್ಟ್ರೀಟಿನ ಉದ್ಯಾನದಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸಿದರು. 1969ರಲ್ಲಿ ಅಮೆರಿಕ ಸರ್ಕಾರವು ಆತನ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಫ್ಲಾರೆನ್ಸಿನ ದಿಮ್ಮಿಗಳ ಮನೆ ವಸ್ತುಸಂಗ್ರಹಾಲಯವಾಗಿದೆ.

ಟಟ್‌ವೈಲರಿನ ನಿಲ್ದಾಣದ ಕಟ್ಟಡ ಈಗ ಇಲ್ಲ. ಅದಿದ್ದ ಜಾಗದ ಸಮೀಪದ ಗೋಡೆಯ ಮೇಲೆ ಊರಿನವರು ಆ ರಾತ್ರಿಯ ಚಿತ್ರವನ್ನು ಬರೆಸಿದ್ದಾರೆ. ಹ್ಯಾಂಡಿಯ ಹೆಸರು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಗಿಟಾರು ಹಿಡಿದು ಕುಳಿತವನ ಹೆಸರು ಊರಿನವರಿಗೂ ಗೊತ್ತಿಲ್ಲ.